ಕಾಬೂಲಿನಂಥ ಊರಲ್ಲಿ ಟಿವಿ ಚಾನೆಲ್ ನಡೆಸುವವರಿಗೆ

ನಾನು ಬ್ರಾಡ್‌ಕಾಸ್ಟ್ ಎಂಜಿನಿಯರ್. ಕಾಬೂಲಿನ ಒಂದು ಖಾಸಗಿ ಚಾನೆಲ್‌ನಲ್ಲಿ ದುಡಿದವನು. ಇಂಥ ಕಡೆ ಚಾನೆಲ್ ಶುರು ಮಾಡುವವರು ಯಾವ ಕ್ಯಾಮೆರಾ ಕೊಳ್ಳಲಿ ಅಂತ ಕೇಳುತ್ತಾರೆ. ನಾನು ಮೊದಲು ಸಿಬ್ಬಂದಿಯನ್ನು ಮನೆಗೆ ಬಿಡುವ ಗಾಡಿಯ ಮಾತೆತ್ತುತ್ತೇನೆ.

2015ರ ಅಕ್ಟೋಬರ್‌ನಲ್ಲಿ ತಾಲಿಬಾನ್‌ನವರು ಟೋಲೋ, ಒನ್ ಟಿವಿ ಅನ್ನುವ ಅಲ್ಲಿನ ಖಾಸಗಿ ಚಾನೆಲ್‌ಗಳೆರಡೂ ತಮ್ಮ ದಾಳಿಯ ಗುರಿ ಅಂತ ಬಹಿರಂಗವಾಗಿಯೇ ಸಾರಿದರು. 2016ರ ಜನವರಿ 20ರ ಸಂಜೆ ಟೋಲೋ ಸಿಬ್ಬಂದಿ ಇದ್ದ ಮಿನಿಬಸ್ ಮೇಲೆ ಆತ್ಮಾಹುತಿ ದಾಳಿ ನಡೆದು 7 ಜನ ಸತ್ತರು. ಡಬ್ಬಿಂಗ್, ಗ್ರಾಫಿಕ್ಸ್ ಥರದ ಕೆಲಸ ಮಾಡುವವರು ಅದರಲ್ಲಿದ್ದರು. ಸ್ಟುಡಿಯೋಗೆ ಎಷ್ಟೇ ಎತ್ತರದ ಗೋಡೆ ಕಟ್ಟಿಸಿ, ಕೆಲಸ ಮುಗಿದ ಮೇಲೆ ಜನ ಗೇಟಿನಾಚೆ ಹೋಗಲೇಬೇಕು ಅಲ್ವಾ? ಹಾಗಾಗಿ ಒಂದೇ ದೊಡ್ಡ ಬಸ್ ಬೇಡ. ಸಣ್ಣ ಗಾಡಿಗಳಿರಲಿ, ಅವುಗಳ ಮೇಲೆ ಲೋಗೋ ಬೇಡ. ಹೊರಡುವ ಹೊತ್ತು, ದಾರಿ ದಿನಾ ಬದಲಾಗಲಿ. ಇವತ್ತಿನ ದಾರಿ ಡ್ರೈವರ್‌ಗೂ ಹೊರಡುವಾಗಲಷ್ಟೇ ಗೊತ್ತಾಗಲಿ. ಎಲ್ಲರೂ ಮನೆ ಮುಟ್ಟಿದ ಮೆಸೇಜ್ ಬರುವ ತನಕ ಶಿಫ್ಟ್ ಇನ್‌ಚಾರ್ಜ್ ಕುರ್ಚಿ ಬಿಟ್ಟು ಏಳಬಾರದು. ವಿಮೆ ಟೀ ಕೊಡುವ ಹುಡುಗನಿಗೂ ಇರಲಿ.

ಸ್ಫೋಟ ಆದ ಕೂಡಲೇ ರಿಪೋರ್ಟರನ್ನು ಓಡಿಸಬೇಡಿ. 2018ರ ಏಪ್ರಿಲ್ 30ರಂದು ಕಾಬೂಲಿನಲ್ಲಿ ಮೊದಲ ಸ್ಫೋಟದ ಸುದ್ದಿಗೆ ಬಂದವರ ನಡುವೆಯೇ ಎರಡನೇ ದಾಳಿ ಆಯಿತು. 9 ಪತ್ರಕರ್ತರು ತೀರಿಕೊಂಡರು. ಬೇರೆ ಚಾನೆಲ್ ಮೊದಲು ತೋರಿಸಿದರೆ ತೋರಿಸಲಿ. ದೂರದ ಮಹಡಿಯಿಂದ ಜೂಮ್ ಹಾಕಿ ತೆಗೆದ ದೃಶ್ಯ ಸಾಕು.

ಕರೆಂಟ್ ನಂಬಬೇಡಿ, ಎರಡು ಜನರೇಟರ್ ಬೇಕು. ಕಾಬೂಲಿನ ಚಳಿಗೆ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಬ್ಲಾಕ್ ಆಗುತ್ತದೆ. ಬೆಳಗಿನ ಜಾವ ಎಂಜಿನ್ ಒಮ್ಮೆ ಹತ್ತಿಕೊಂಡು, ಕೆಮ್ಮಿ, ನಿಂತುಬಿಡುತ್ತದೆ. ಚಳಿಗಾಲದ ಡೀಸೆಲ್, ಸ್ಪೇರ್ ಫಿಲ್ಟರ್ ಮೊದಲೇ ತರಿಸಿಡಿ. ಪ್ರಸಾರದ ಟವರ್ ಹತ್ತಿರ ಒಂದು ವಿಡಿಯೋ ಪ್ಲೇಯರ್ ಇಟ್ಟು ರೆಕಾರ್ಡ್ ಆದ ಕಾರ್ಯಕ್ರಮ ತುಂಬಿಡಿ. ಸ್ಟುಡಿಯೋದಿಂದ ಟವರ್‌ಗೆ ಬರುವ ಲಿಂಕ್ ಕಡಿದರೆ ಅದು ತಾನಾಗಿ ಓಡಬೇಕು. ಗುಂಡಿನ ಸದ್ದು ಕೇಳುವ ಊರಲ್ಲಿ ಪರದೆ ಸುಮ್ನೆ ಕಪ್ಪಾದರೂ ಜನ ಹೆದರುತ್ತಾರೆ.

ಇನ್ನು ದುಡ್ಡು. 2004ರಲ್ಲಿ ಶುರುವಾದ ಟೋಲೋಗೆ ಮೊದಲು ಅಮೆರಿಕದ ನೆರವು ಸಿಕ್ಕಿತ್ತು, ಆಮೇಲೆ ಜಾಹೀರಾತು ಕೈಹಿಡಿಯಿತು. ‘ಅಫ್ಘಾನ್ ಸ್ಟಾರ್’ ಹಾಡಿನ ಸ್ಪರ್ಧೆ, ದರಿ ಭಾಷೆಗೆ ಡಬ್ ಮಾಡಿದ ಹಿಂದಿ ಧಾರಾವಾಹಿಗಳಿಗೆ ಮನೆಮಂದಿಯೆಲ್ಲ ಕೂರುತ್ತಿದ್ದರು. 2008ರಲ್ಲಿ ಧಾರಾವಾಹಿ ನಿಲ್ಲಿಸಿ ಅಂತ ಸರ್ಕಾರದ ಆದೇಶ ಬಂತು. ಅದಕ್ಕೇ ಜಾಸ್ತಿ ಜನ ನೋಡುವ ಕಾರ್ಯಕ್ರಮಕ್ಕೆ ಬದಲಿ ಒಂದು ಸಿದ್ಧವಿರಲಿ. ಆದಾಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಒಬ್ಬರೇ ಜಾಹೀರಾತುದಾರರಿಂದ ಬಾರದಂತೆ ನೋಡಿಕೊಳ್ಳಿ. ಸುದ್ದಿ ತಡೆಯಿರಿ ಅಂತ ಅವರು ಫೋನ್ ಮಾಡಿದರೆ ಮಾಲೀಕರೇ ಮಾತಾಡಲಿ, ಸುದ್ದಿ ಸಿದ್ಧಮಾಡುವ ಡೆಸ್ಕ್‌ಗೆ ಆ ಕರೆ ಹೋಗಬಾರದು. ಮೂರು ತಿಂಗಳ ಸಂಬಳ, ಡೀಸೆಲ್‌ಗೆ ಬೇಕಾದ ಹಣ ಮುಟ್ಟದೆ ಎತ್ತಿಡಿ. ಕಾಳಗ ಜೋರಾದ ವಾರವೇ ಜಾಹೀರಾತು ನಿಲ್ಲುತ್ತದೆ, ಜನ ಟಿವಿ ಮುಂದೆ ಕೂರುವುದೂ ಆ ವಾರವೇ.