ಫ್ಲೊಯೆಲ್ಲಾ ಬೆಂಜಮಿನ್ ಕಥೇನ ಮಕ್ಕಳಿಗೆ ಹೇಳೋದು ಹೇಗೆ? ಒಂದು ರಟ್ಟಿನ ಡಬ್ಬ ಸಾಕು

ಮನೇಲಿ ಐದರಿಂದ ಎಂಟು ವರ್ಷದ ಮಗು ಇದ್ರೆ ಈ ಭಾನುವಾರ ಇದನ್ನ ಮಾಡಿ ನೋಡಿ. ಖಾಲಿ ರಟ್ಟಿನ ಡಬ್ಬ, ಕತ್ತರಿ, ಬಿಳಿ ಹಾಳೆ, ಕ್ರೇಯಾನ್ ಇದ್ರೆ ಆಯ್ತು.

ಫ್ಲೊಯೆಲ್ಲಾ ಬೆಂಜಮಿನ್ ಅಂದ್ರೆ 1976ರಿಂದ ಬಿಬಿಸಿಯ ಪ್ಲೇ ಸ್ಕೂಲ್ ಅನ್ನೋ ಪುಟ್ಟ ಮಕ್ಕಳ ಕಾರ್ಯಕ್ರಮ ನಡೆಸಿಕೊಡ್ತಿದ್ದ ನಟಿ. ಅದರಲ್ಲಿ ದುಂಡಂದು, ಚೌಕದ್ದು, ಕಮಾನಿಂದು ಅಂತ ಕಿಟಕಿಗಳಿರ್ತಿದ್ವು, ಇವತ್ತು ಯಾವ ಕಿಟಕಿ ಅಂತ ಮಕ್ಕಳನ್ನ ಕೇಳಿ ಅದರೊಳಗಿಂದ ಹೊರಗಿನ ಲೋಕ ತೋರಿಸ್ತಿದ್ರು. ನಾವೂ ಡಬ್ಬಕ್ಕೆ ಅದೇ ಮೂರು ಕಿಟಕಿ ಕತ್ತರಿಸೋಣ. ಪೂರ್ತಿ ಕತ್ತರಿಸ್ಬೇಡಿ, ಒಂದು ಕಡೆ ಸ್ವಲ್ಪ ಬಿಡಿ, ಬಾಗಿಲ ಥರ ತೆಗೆದು ಮುಚ್ಚೋಕೆ ಬರತ್ತೆ. ಹಿಂದೆ ಒಂದೊಂದು ಚಿತ್ರ ಅಂಟಿಸಿ.

ದುಂಡು ಕಿಟಕಿ ಹಿಂದೆ ಹಡಗು. ಹುಟ್ಟಿದ್ದು 1949, ಕೆರಿಬಿಯನ್ ದ್ವೀಪ ಟ್ರಿನಿಡಾಡ್ ಅಂತೆಲ್ಲ ಶುರು ಮಾಡಿದ್ರೆ ಮಗು ಎದ್ದು ಹೋಗತ್ತೆ. ಬದಲು ಹೀಗೆ ಹೇಳಿ: ಅಪ್ಪ ಮೊದ್ಲು ಇಂಗ್ಲೆಂಡಿಗೆ ಹೋಗಿದಾರೆ, ಆಮೇಲೆ ಅಮ್ಮ ಚಿಕ್ಕ ಇಬ್ಬರನ್ನ ಮಾತ್ರ ಕರ್ಕೊಂಡು ಹೋಗಿದಾರೆ, ಉಳಿದ ನಾಲ್ಕು ಮಕ್ಕಳು ಬೇರೆಯವರ ಮನೇಲಿ ಒಂದು ವರ್ಷಕ್ಕೂ ಜಾಸ್ತಿ ಕಾಯ್ತಿದಾರೆ, ಆಮೇಲೆ 1960ರಲ್ಲಿ ಅವರಷ್ಟೇ ಹಡಗು ಹತ್ತಿ ಹೊರಡ್ತಾರೆ, ಫ್ಲೊಯೆಲ್ಲಾಗೆ ಆಗ ಹತ್ತು ವರ್ಷ. ಇಲ್ಲಿ ನಿಲ್ಲಿಸಿ ಕೇಳಿ, ನೀನಾಗಿದ್ರೆ ಬ್ಯಾಗಲ್ಲಿ ಏನ್ ಇಟ್ಕೋತಿದ್ದೆ? ಉತ್ತರಕ್ಕೆ ಅವಸರ ಮಾಡ್ಬೇಡಿ, ನನ್ ಮಗಳು ಅಜ್ಜಿಯ ಹಳೇ ಸೀರೆ ತುಂಡು ಅಂದ್ಲು, ಆಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ಲು.

ಚೌಕದ ಕಿಟಕಿ ಸ್ಕೂಲು. ಅಲ್ಲಿ ಫ್ಲೊಯೆಲ್ಲಾಳ ಕಪ್ಪು ಮೈಬಣ್ಣ ನೋಡಿ, ಮಾತಾಡೋ ರೀತಿ ಕೇಳಿ ಆಡ್ಕೊಂಡಿದ್ದನ್ನ ದಯವಿಟ್ಟು ಬಿಟ್ಬಿಡ್ಬೇಡಿ, ಮಗುಗೆ ಬೇಜಾರಾಗತ್ತೆ ಅಂತ ನಾವು ಮುಚ್ಚಿಟ್ರೆ ಮುಂದಿನದಕ್ಕೆ ಅರ್ಥಾನೇ ಇರಲ್ಲ. ಬ್ಯಾಂಕ್ ಕೆಲಸ, ಅಲ್ಲಿಂದ ನಾಟಕದ ರಂಗಕ್ಕೆ ಹೋಗಿದ್ದು ಎರಡು ಮಾತಲ್ಲಿ ಮುಗಿಸಿ.

ಕಮಾನಿನ ಕಿಟಕಿ ನನಗೆ ತುಂಬಾ ಇಷ್ಟ. ಪ್ಲೇ ಸ್ಕೂಲಲ್ಲಿ ಕಥೆ ಹೇಳ್ವಾಗ ತೋರಿಸ್ತಿದ್ದ ಚಿತ್ರಗಳಲ್ಲೆಲ್ಲ ಬರೀ ಬಿಳಿ ಮುಖಗಳೇ ಇದ್ದಿದ್ದನ್ನ ಫ್ಲೊಯೆಲ್ಲಾ ಗಮನಿಸಿ, ಕಪ್ಪು ಕಂದು ಮುಖಗಳೂ ಇರ್ಲಿ ಅಂತ ಪ್ರೊಡ್ಯೂಸರ್‌ನ ಕೇಳಿದ್ರು, ಹಂಗೇ ಬದಲಾಯ್ತು. 2010ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಸದಸ್ಯೆಯಾಗಿದ್ದು, 2023ರಲ್ಲಿ ರಾಜ ಚಾರ್ಲ್ಸ್ ಪಟ್ಟಾಭಿಷೇಕದಲ್ಲಿ ಪಾರಿವಾಳ ಇರೋ ರಾಜದಂಡ ಹಿಡ್ಕೊಂಡು ನಡೆದಿದ್ದು ಎಲ್ಲ ದೊಡ್ಡದೇ, ಆದ್ರೆ ಮಕ್ಕಳಿಗೆ ಈ ಚಿತ್ರದ ವಿಷಯಾನೇ ಥಟ್ಟಂತ ಹತ್ತೋದು.

ಈಗ ಹಾಳೆ ಕೊಟ್ಟು ನಿನ್ನ ಕ್ಲಾಸಿನ ನಾಲ್ಕು ಜನರನ್ನ ಬರಿ ಅನ್ನಿ. ಯಾವ ಕ್ರೇಯಾನ್‌ಗೆ ಕೈ ಹೋಗತ್ತೆ ಅಂತ ನೋಡ್ತಿರಿ. ನಮ್ಮನೇಲಿ ಮೊದ್ಲು ಎತ್ಕೊಂಡಿದ್ದು ಆ ತಿಳಿ ಗುಲಾಬೀನೇ, ಅದನ್ನ ಅವಳು 'ಸ್ಕಿನ್ ಕಲರ್' ಅಂತಾಳೆ, ಸ್ಕೂಲಲ್ಲೂ ಎಲ್ರೂ ಹಂಗೇ ಅಂತಾರಂತೆ. ನಾನೇನೂ ಅನ್ಲಿಲ್ಲ, ಯಾರ ಸ್ಕಿನ್ ಪುಟ್ಟಿ ಅಂತ ಮಾತ್ರ ಕೇಳ್ದೆ. ಕ್ರೇಯಾನ್‌ನ ತನ್ ಮೊಣಕೈ ಪಕ್ಕ ಇಟ್ಟು ನೋಡಿದ್ಲು, ವಾಪಸ್ ಇಟ್ಲು, ಬ್ರೌನ್ ತಗೊಂಡ್ಲು, ಅದು ಜಾಸ್ತಿ ಗಾಢ ಆಯ್ತು ಅಂತ ಮೇಲೆ ಹಳದಿ ತಿಕ್ಕಿ ತಿಕ್ಕಿ ಹಾಳೆನೇ ಹರಿದೋಯ್ತು. ಹಂಗಾಗಿ ನೀವು ದಪ್ಪ ಡ್ರಾಯಿಂಗ್ ಶೀಟ್ ತನ್ನಿ, ಬ್ರೌನ್‌ನಲ್ಲಿ ಮೂರು ನಾಲ್ಕು ಶೇಡ್ ಇರೋ ದೊಡ್ಡ ಡಬ್ಬಾನೇ ತಗೊಳ್ಳಿ.