ರಸ್ತೆಗೆ ರಾಜ್ಯದ ದುಡ್ಡು ಬೇಕಾ? ಮೊದಲು ಅದು ಯಾರ ರಸ್ತೆ ಅಂತ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ರಾಷ್ಟ್ರೀಯ ಹೆದ್ದಾರಿ. ಅದರ ದುಡ್ಡನ್ನು ಕೇಂದ್ರದಿಂದ ಕೇಳಬೇಕು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಬಡಾವಣೆ ರಸ್ತೆ ಪಾಲಿಕೆಯದು. ಚಿಗರಿ ಬಸ್ಸಿಗೇ ಮೀಸಲಾದ ಪಥಕ್ಕೆ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಕಂಪನಿಯೇ ಬೇರೆ ಇದೆ. ನಾವು ಒಂದು ಚರಂಡಿಗಾಗಿ ಎಂಟು ತಿಂಗಳು ಒಂದೇ ಕಚೇರಿಗೆ ಅಲೆದು, ಕೊನೆಗೆ ‘ಸದರಿ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಹಿಡಿದು ಮನೆಗೆ ಬಂದೆವು. ಹೊಟ್ಟೆ ಉರಿಯುತ್ತೆ ಅಲ್ವಾ? 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಇದನ್ನು ಮೊದಲೇ ಕೇಳಬಹುದಿತ್ತು. ನೀವು ಕೇಳಿ.

ಆಮೇಲೆ ಯಾವ ನಿಧಿ ಅಂತ ನೋಡಿ. ಪಾಲಿಕೆ ರಸ್ತೆಗೆ ರಾಜ್ಯದ ಮುಖ್ಯಮಂತ್ರಿ ನಗರೋತ್ಥಾನ ಯೋಜನೆ ಇದೆ, ಅದರ ಕ್ರಿಯಾ ಯೋಜನೆಯಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ನಿಮ್ಮ ರಸ್ತೆಯ ಹೆಸರು ಸೇರಬೇಕು. ಬಸ್, ಸೈಕಲ್, ಪಾದಚಾರಿಗಳ ಕೆಲಸಕ್ಕೆ ನಗರ ಭೂ ಸಾರಿಗೆ ನಿರ್ದೇಶನಾಲಯ ಇದೆ; ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಸೈಕಲ್ ಅವರದೇ ಕೆಲಸ. ಶಾಸಕರ ನಿಧಿ ವರ್ಷಕ್ಕೆ ಇಡೀ ಕ್ಷೇತ್ರಕ್ಕೆ 2 ಕೋಟಿ. ಫುಟ್‌ಪಾತಿಗೆ, ಬಸ್ ತಂಗುದಾಣಕ್ಕೆ ಕೇಳಿ, ಮೇಲ್ಸೇತುವೆಗೆ ಕೇಳಬೇಡಿ.

ಮುಖ್ಯವಾದದ್ದು ಎಣಿಕೆ. ‘ತುಂಬಾ ಟ್ರಾಫಿಕ್ ಸಾರ್’ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾಲ್ಕು ಜನ ಸೇರಿ, ಮೂರು ಕೆಲಸದ ದಿನ, ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆವರೆಗೆ ವೃತ್ತದ ಮೂಲೆ ಮೂಲೆಗೆ ನಿಂತು, ಬೈಕು, ಆಟೊ, ಕಾರು, ಬಸ್ಸು, ಲಾರಿ ಬೇರೆ ಬೇರೆ ಗೆರೆ ಎಳೆದು ಎಣಿಸಿ, ಕಾಲು ಗಂಟೆಗೊಮ್ಮೆ ಮೊತ್ತ ಬರೆಯಿರಿ. ರಸ್ತೆ ದಾಟುವವರನ್ನು ಬಿಡಬೇಡಿ. ನಾನು ಹಾಗೆ ನಿಂತಾಗಲೇ ಕಂಡಿದ್ದು: ಬಸ್ಸಿನಿಂದ ಇಳಿದ ಅಜ್ಜಿಯೊಬ್ಬರು ತರಕಾರಿ ಬುಟ್ಟಿಯನ್ನು ಡಿವೈಡರ್ ಮೇಲೆ ಇಟ್ಟು, ಎರಡೂ ಕೈ ಊರಿ ಡಿವೈಡರ್ ಹತ್ತಿ ದಾಟಿದರು. ಆ ಫೋಟೊವನ್ನೇ ಅರ್ಜಿಯ ಮೊದಲ ಪುಟಕ್ಕೆ ಹಾಕಿದೆವು, ಇಂಜಿನಿಯರ್ ಮರುದಿನವೇ ಸ್ಥಳಕ್ಕೆ ಬಂದರು.

ಕೆಲಸದ ಅಂದಾಜು ವೆಚ್ಚದ ಪಟ್ಟಿಯಲ್ಲಿ ಹೆಸ್ಕಾಂ ವಿದ್ಯುತ್ ಕಂಬ, ನೀರಿನ ಪೈಪು, ಒಳಚರಂಡಿ ಸ್ಥಳಾಂತರದ ಖರ್ಚು ಸೇರಿದೆಯಾ ಅಂತ ಕೇಳಿ. ಇದನ್ನು ಬಿಟ್ಟರೆ ಅರ್ಧ ಅಗೆದ ರಸ್ತೆ ಮಳೆಗಾಲವಿಡೀ ಹಾಗೇ ಬಿದ್ದಿರುತ್ತದೆ. ಜಾಗ ಬಿಡಬೇಕಾದ ಅಂಗಡಿಯವರ ಜೊತೆ ಮೊದಲೇ ಕೂತು ಮಾತಾಡಿ. ಸ್ವಂತ ಜಾಗವಾದರೆ ಪರಿಹಾರ ಅವರ ಹಕ್ಕು, ಸುಮ್ನೆ ಎಬ್ಬಿಸಿದರೆ ವಿಷಯ ಕೋರ್ಟಿಗೆ ಹೋಗುತ್ತದೆ.

ಬಜೆಟ್ ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುತ್ತದೆ. ಹಾಗಾಗಿ ದೀಪಾವಳಿ ಮುಗಿದ ಕೂಡಲೇ ಮನವಿ ಕೊಡಿ. ಪಾಲಿಕೆ ಸಾಮಾನ್ಯ ಸಭೆಯ ಠರಾವಿನ ಪ್ರತಿ ಜೊತೆಗಿದ್ದರೆ ಬಲ ಜಾಸ್ತಿ. ಬಜೆಟ್‌ನಲ್ಲಿ ಹೆಸರು ಬಂತು ಅಂತ ಪೇಡೆ ಹಂಚಬೇಡಿ. ಮೊದಲು ಆಡಳಿತಾತ್ಮಕ ಅನುಮೋದನೆ (ಕೆಲಸಕ್ಕೂ ಖರ್ಚಿಗೂ ಸರ್ಕಾರದ ಒಪ್ಪಿಗೆ) ಆಗಬೇಕು, ಆಮೇಲೆ ತಾಂತ್ರಿಕ ಮಂಜೂರಾತಿ (ನಕ್ಷೆ, ಅಂದಾಜಿಗೆ ಇಂಜಿನಿಯರ್ ಒಪ್ಪಿಗೆ), ಆಮೇಲೆ ಟೆಂಡರ್. ಪ್ರತಿ ಸಲ ಹೋದಾಗಲೂ ಕಡತದ ನಂಬರ್ ಹೇಳಿ ಕೇಳಿ, ಕೊಟ್ಟ ಪ್ರತಿಯೊಂದು ಕಾಗದದ ಮೇಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.