1918ರ ಆಕಾಶಕಾಳಗವನ್ನು ಕ್ಯಾನ್ವಾಸಿಗೆ ತರುವ ಬಗೆ

ಮೊದಲನೆಯ ಮಹಾಯುದ್ಧದ ವಿಮಾನ ಕಾಳಗವನ್ನು ಚಿತ್ರಿಸಲು ಹೊರಟವರು ಕುಂಚ ಹಿಡಿಯುವ ಮೊದಲು ಒಂದು ತಾರೀಖನ್ನು ಹಿಡಿಯಬೇಕು. ಇಂಥ ದಿನ, ಇಂಥ ಹೊತ್ತು, ಇಂಥ ಊರಿನ ಮೇಲೆ ಎಂದು ಗೊತ್ತುಮಾಡಿಕೊಂಡರೆ ವಿಮಾನದ ಮಾದರಿ, ಮೈಬಣ್ಣ, ಗುರುತು, ಬಿಸಿಲು, ಕೆಳಗಿನ ನೆಲ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಸುಮಾರು 1917–18 ಎಂದು ಸಡಿಲ ಬಿಟ್ಟರೆ ಬೇರೆ ಬೇರೆ ತಿಂಗಳುಗಳ ಸಂಗತಿಗಳು ಒಂದೇ ಆಕಾಶದಲ್ಲಿ ಕಲಸಿಹೋಗುತ್ತವೆ. ಇಲ್ಲಿ 1918ರ ಜುಲೈ 22ನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕಲ್ಕತ್ತೆಯಲ್ಲಿ ಹುಟ್ಟಿ, ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ 40ನೇ ಸ್ಕ್ವಾಡ್ರನ್ನಿನಲ್ಲಿ ಪೈಲಟ್ ಆಗಿದ್ದ ಇಂದ್ರಲಾಲ್ ರಾಯ್, ಅದೇ ತಿಂಗಳ ಸುಮಾರು ಎರಡು ವಾರಗಳಲ್ಲಿ 10 ವಿಜಯಗಳನ್ನು ಗಳಿಸಿ, ಅಂದು ಉತ್ತರ ಫ್ರಾನ್ಸಿನ ಕಾರ್ವಿನ್ ಊರಿನ ಮೇಲೆ ಜರ್ಮನರ ಫೋಕರ್ ಡಿ-7 ವಿಮಾನಗಳೊಡನೆ ಕಾದಾಡುತ್ತ ಮಡಿದರು. ಆಗ ಅವರಿಗೆ ಇನ್ನೂ 19 ವರ್ಷ.

ಮೊದಲು ಎರಡೂ ವಿಮಾನಗಳ ಅಂಗರಚನೆಯನ್ನು ಕಲಿಯಬೇಕು. ರಾಯ್ ಹಾರಿಸುತ್ತಿದ್ದದ್ದು ಎಸ್.ಇ.5ಎ: ರೆಕ್ಕೆಯ ಹರವು 8.11 ಮೀಟರ್, ಮೂಗಿನಲ್ಲಿ ಚೌಕನೆಯ ರೇಡಿಯೇಟರ್, ಎರಡು ರೆಕ್ಕೆಗಳ ನಡುವೆ ಹೆಣೆದ ಬಿಗಿತಂತಿಗಳು. ಇದರ ಎರಡು ಗನ್ನುಗಳು ಒಂದೇ ಕಡೆ ಇರುವುದಿಲ್ಲ. ವಿಕರ್ಸ್ ಗನ್ ಪೈಲಟ್ಟಿನ ಮುಂದೆ ಎಡಕ್ಕಿದ್ದರೆ, ಲೂಯಿಸ್ ಗನ್ ಮೇಲಿನ ರೆಕ್ಕೆಯ ಮೇಲೆ ಬಾಗಿದ ಕಂಬಿಯೊಂದರಲ್ಲಿ ಕೂತಿರುತ್ತದೆ, ಮದ್ದಿನ ಡ್ರಮ್ ಬದಲಿಸಬೇಕಾದಾಗ ಪೈಲಟ್ ಅದನ್ನು ಕಂಬಿಯ ಮೇಲೆ ಜಾರಿಸಿ ಕೆಳಗೆ ಎಳೆದುಕೊಳ್ಳುತ್ತಿದ್ದ. ಕಾಳಗದ ನಡುವೆ ಒಂದು ಕೈ ಮೇಲೆತ್ತಿ ಈ ಕೆಲಸ ಮಾಡುತ್ತಿರುವ ಪೈಲಟ್ಟನನ್ನು ಬರೆದರೆ, ಬರಿಯ ಬೆಂಕಿ ಹೊಗೆ ಬರೆದದ್ದಕ್ಕಿಂತ ಹೆಚ್ಚಿನ ಆತಂಕ ಚಿತ್ರಕ್ಕೆ ಬರುತ್ತದೆ ಎಂಬುದು ನನ್ನ ಎಣಿಕೆ. ಫೋಕರ್ ಡಿ-7ರ ರೆಕ್ಕೆ ದಪ್ಪ, ಹರವು 8.9 ಮೀಟರ್, ಮತ್ತು ಅದರ ಎರಡು ರೆಕ್ಕೆಗಳ ನಡುವೆ ಬಿಗಿತಂತಿ ಇಲ್ಲವೇ ಇಲ್ಲ. ಎಲ್ಲ ಹಳೆಯ ವಿಮಾನಗಳಿಗೂ ತಂತಿ ಎಳೆದುಬಿಡುವ ಅಭ್ಯಾಸ ಇಲ್ಲಿ ಎಡವುತ್ತದೆ. ಎಸ್.ಇ.5ಎಯ ತಂತಿಗಳನ್ನೂ ಕಪ್ಪು ಗೆರೆಗಳಾಗಿ ಪೂರ್ತಿ ಎಳೆಯಬಾರದು. ಬಿಸಿಲು ತಾಗುವ ಕಡೆ ಮಾತ್ರ ಅವು ಮಿನುಗಿ, ಉಳಿದೆಡೆ ಆಕಾಶದಲ್ಲಿ ಕರಗಲಿ.

ಗುರುತುಗಳ ವಿಷಯದಲ್ಲಿ ತಾರೀಖಿನ ಬೆಲೆ ತಿಳಿಯುತ್ತದೆ. ಜರ್ಮನ್ ವಿಮಾನಗಳ ಮೇಲಿದ್ದ, ತುದಿ ಅಗಲವಾದ ಬಾಗುಗೆರೆಗಳ ಶಿಲುಬೆಯನ್ನು 1918ರ ಮಾರ್ಚ್‌ನ ಆದೇಶದ ಮೇರೆಗೆ ತೆಗೆದು ನೇರ ಪಟ್ಟಿಗಳ ಶಿಲುಬೆಯನ್ನು ಬರೆಯತೊಡಗಿದರು. ಆದ್ದರಿಂದ 1917ರ ಏಪ್ರಿಲ್‌ನ ಕಾಳಗದಲ್ಲಿ ನೇರ ಶಿಲುಬೆ ಕಂಡರೆ ಚಿತ್ರ ತಪ್ಪು, ನಮ್ಮ ಜುಲೈನ ಚಿತ್ರದಲ್ಲಿ ಅದೇ ಸರಿ. ಬ್ರಿಟಿಷ್ ವಿಮಾನದ ಬಾಲದ ಚುಕ್ಕಾಣಿಯ ಮೇಲಿನ ಮೂರು ಪಟ್ಟಿಗಳಲ್ಲಿ ಆಗ ನೀಲಿ ಮುಂದೆ, ಕೆಂಪು ಹಿಂದೆ ಇತ್ತು. ಇದನ್ನು ಹಳೆಯ ಫೋಟೋ ನೋಡಿ ನಿರ್ಧರಿಸಲು ಹೋದರೆ ಮೋಸಹೋಗುತ್ತೇವೆ, ಏಕೆಂದರೆ ಅಂದು ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಲಕಗಳು ಕೆಂಪಿಗೆ ಸ್ಪಂದಿಸುತ್ತಿರಲಿಲ್ಲ: ಕೆಂಪು ಕಪ್ಪಾಗಿಯೂ, ಹಳದಿ ಗಾಢವಾಗಿಯೂ, ನೀಲಿ ತೆಳುವಾಗಿಯೂ ಮೂಡುತ್ತಿತ್ತು. ಫೋಟೋದಿಂದ ಆಕಾರವನ್ನು ತೆಗೆದುಕೊಳ್ಳಿ, ಬಣ್ಣವನ್ನು ಬರಹದ ದಾಖಲೆಗಳಿಂದ ತೆಗೆದುಕೊಳ್ಳಿ. ಎರಡರಲ್ಲೂ ಸಿಗದ ಗುರುತಿದ್ದರೆ ಅದನ್ನು ಕಲ್ಪಿಸಿ ತುಂಬುವ ಬದಲು, ಆ ಭಾಗ ಮರೆಯಾಗುವಂತೆ ವಿಮಾನವನ್ನು ಓರೆಯಾಗಿಸುವುದು ಜಾಣತನ.

ಎಸ್.ಇ.5ಎಯ ಮೇಲ್ಮೈಗೆ ಬಳಿಯುತ್ತಿದ್ದ ಪಿ.ಸಿ.10 ಎಂಬ ಲೇಪ ಹಳದಿ ಕಬ್ಬಿಣದ ಮಣ್ಣುಬಣ್ಣಕ್ಕೆ ತುಸು ಕಾಡಿಗೆ ಸೇರಿಸಿ ಮಾಡಿದ್ದು. ಪ್ಯಾಲೆಟ್ಟಿನ ಮೇಲೆ ಯೆಲ್ಲೋ ಓಕರ್‌ಗೆ ಸೂಜಿಮೊನೆಯಷ್ಟು ಐವರಿ ಬ್ಲ್ಯಾಕ್ ಬೆರೆಸಿ ನೋಡಿ. ಹಸಿರಿನ ಟ್ಯೂಬ್ ಮುಟ್ಟದೆಯೇ ಆಲಿವ್ ಹಸಿರು ಹುಟ್ಟುತ್ತದೆ. ಹೊಸ ವಿಮಾನಕ್ಕೆ ಅದು ಸಾಕು, ಬಿಸಿಲು ಮಳೆ ತಿಂದ ವಿಮಾನಕ್ಕೆ ಕೊಂಚ ಬರ್ನ್ಟ್ ಅಂಬರ್ ಸೇರಿಸಿ ಕಂದಿಗೆ ತಿರುಗಿಸಬೇಕು. ರೆಕ್ಕೆಯ ಅಡಿಭಾಗ ಮಾತ್ರ ಬಣ್ಣವಿಲ್ಲದ ಲಿನನ್, ಕೆನೆಯ ಛಾಯೆ. ಬಟ್ಟೆಯ ರೆಕ್ಕೆ ಎಂದೊಡನೆ ಬೆಳಕು ಅದರ ಮೂಲಕ ಹಾಯ್ದು ಹೊಳೆಯುವಂತೆ ಬರೆಯಲು ಕೈ ತುರಿಸುತ್ತದೆ, ಪಿ.ಸಿ.10 ಬಟ್ಟೆಯನ್ನು ಬಿಸಿಲಿನಿಂದ ಕಾಪಾಡಲೆಂದೇ ಬಂದ ಲೇಪವಾದ್ದರಿಂದ, ಆ ಹೊಳಪು ಎರಡೂ ಬದಿ ಬಿಳಿಬಟ್ಟೆಯಿದ್ದ 1915ರ ವಿಮಾನಗಳಿಗೆ ಒಪ್ಪುತ್ತದೆ, ಇದಕ್ಕಲ್ಲ. ಫೋಕರ್‌ನ ರೆಕ್ಕೆಗೆ ಬಹುಕೋನಗಳ ಬಣ್ಣದ ಚಿತ್ತಾರವನ್ನು ಅಚ್ಚು ಹಾಕಿದ ಬಟ್ಟೆ ಇರುತ್ತಿತ್ತು. ಹತ್ತಿರದ ವಿಮಾನದಲ್ಲಿ ಮಾತ್ರ ಆ ಕೋನಗಳನ್ನು ಬಿಡಿಸಿ, ದೂರದ್ದರಲ್ಲಿ ಅವು ಒಂದೇ ಮಂಕು ನೇರಳೆ-ಹಸಿರಾಗಿ ಬೆರೆಯಲಿ.

ಅಳತೆಯ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೇ ಮುಂದುವರಿಯಬೇಕು. ನೋಡುಗನಿಂದ 40 ಮೀಟರ್ ದೂರದಲ್ಲಿರುವ ಎಸ್.ಇ.5ಎ ಕ್ಯಾನ್ವಾಸಿನ ಮೇಲೆ 40 ಸೆಂಟಿಮೀಟರ್ ಅಗಲವಿದ್ದರೆ, 160 ಮೀಟರ್ ದೂರದ, ಅದೇ ಭಂಗಿಯ ಫೋಕರ್ 11 ಸೆಂಟಿಮೀಟರ್ ಮಾತ್ರ ಇರಬೇಕು. ಕಾಳಗವನ್ನು ರೋಚಕವಾಗಿಸಲು ಎರಡನ್ನೂ ಒಂದೇ ಗಾತ್ರಕ್ಕೆ ಬರೆದವರ ಚಿತ್ರದಲ್ಲಿ ವಿಮಾನಗಳು ರೆಕ್ಕೆಗೆ ರೆಕ್ಕೆ ಉಜ್ಜುತ್ತಿರುವಂತೆ ಕಾಣುತ್ತವೆ. 1:48 ಅಳತೆಯ ಪ್ಲಾಸ್ಟಿಕ್ ಮಾದರಿ ಜೋಡಿಸಿಕೊಂಡರೆ ಭಂಗಿ ಹುಡುಕುವುದು ಸುಲಭ, ಆದರೆ 40 ಮೀಟರಿನ ನೋಟ ಬೇಕಾದರೆ ಫೋನಿನ ಕ್ಯಾಮೆರಾವನ್ನು ಮಾದರಿಯಿಂದ 83 ಸೆಂಟಿಮೀಟರ್ ದೂರ ಹಿಡಿಯಬೇಕು. ಹತ್ತಿರ ಹಿಡಿದರೆ ಮೂಗು ಉಬ್ಬಿ ಬಾಲ ಕುಗ್ಗುತ್ತದೆ. ದಿಗಂತರೇಖೆ ಯಾವಾಗಲೂ ನೋಡುಗನ ಕಣ್ಣಿನ ಎತ್ತರದಲ್ಲೇ ಇರುತ್ತದೆ ಎಂಬುದನ್ನೂ ಮರೆಯಬಾರದು. ಅದಕ್ಕಿಂತ ಮೇಲಿರುವ ವಿಮಾನದ ಹೊಟ್ಟೆ, ಕೆಳಗಿರುವುದರ ಬೆನ್ನು ಕಾಣಬೇಕು, ವಿಮಾನ ವಾಲಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಬೆಳಕಿನಲ್ಲಿ ನಮ್ಮ ಕಡೆಯ ಚಿತ್ರಕಾರರಿಗೆ ಒಂದು ತೊಡಕಿದೆ. ಜುಲೈ ಕೊನೆಯ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ ಇದ್ದರೆ, ಕಾರ್ವಿನ್‌ನಲ್ಲಿ ದಕ್ಷಿಣಕ್ಕೆ ಸುಮಾರು 60 ಡಿಗ್ರಿ ಎತ್ತರದಲ್ಲಿರುತ್ತಾನೆ, ಬೆಳಗ್ಗೆ ಸಂಜೆ ಇನ್ನೂ ಕೆಳಗೆ. ಆದ್ದರಿಂದ ನಮ್ಮ ಕಣ್ಣಿಗೆ ರೂಢಿಯಾದ ನೆರಳಿಗಿಂತ ಅಲ್ಲಿನ ನೆರಳು ಉದ್ದ. ಕಾಳಗದ ಹೊತ್ತನ್ನು ಜರ್ಮನ್ ದಾಖಲೆಯಿಂದ ತೆಗೆದುಕೊಂಡರೆ, ಆ ತಿಂಗಳಲ್ಲಿ ಅವರ ಗಡಿಯಾರ ಬ್ರಿಟಿಷರದಕ್ಕಿಂತ ಒಂದು ಗಂಟೆ ಮುಂದಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಬೆಳಗಿನ ಚಿತ್ರವಾದರೆ ಸೂರ್ಯ ಜರ್ಮನರ ಬೆನ್ನಿಗಿರುತ್ತಾನೆ.

ಕೆಳಗಿನ ನೆಲವನ್ನು ಗುಂಡಿಬಿದ್ದ ಕೆಸರೆಂದು ಬಳಿದುಬಿಡುವುದು ಸೋಮಾರಿತನ. ಕಾರ್ವಿನ್ ಜರ್ಮನ್ ಸಾಲುಗಳ ಹಿಂದಿದ್ದ ಕಲ್ಲಿದ್ದಲು ಗಣಿಗಳ ಸೀಮೆ. ಗಣಿಯ ತ್ಯಾಜ್ಯದ ಕಪ್ಪು ದಿಬ್ಬಗಳು, ಇಟ್ಟಿಗೆಯ ಕಾರ್ಮಿಕರ ಮನೆಸಾಲುಗಳು, ಕಾಲುವೆ, ಹಣ್ಣಾಗುತ್ತಿರುವ ಗೋಧಿ ಹೊಲಗಳು ಅಲ್ಲಿಗೆ ಒಪ್ಪುತ್ತವೆ. ಕಂದಕಗಳು ಬೇಕೆಂದರೆ ಪಶ್ಚಿಮದ ಅಂಚಿನಲ್ಲಿ, ಅಗೆದ ಸುಣ್ಣಮಣ್ಣಿನ ಬಿಳಿ ಅಂಕುಡೊಂಕು ಗೆರೆಗಳಾಗಿ ಬರಲಿ. 3,000 ಮೀಟರಿನ ಮೇಲಿಂದ ಇದೆಲ್ಲ ನೀಲಿ ಮಬ್ಬಿನೊಳಗೇ ಕಾಣುವುದರಿಂದ, ನೆಲದ ಯಾವ ಬಣ್ಣವೂ ವಿಮಾನದ ಬಣ್ಣದಷ್ಟು ಗಾಢವಾಗಬಾರದು.

ಉಳಿದ ಸಣ್ಣಪುಟ್ಟ ಸಂಗತಿಗಳನ್ನು ಕೊನೆಗೆ ಇಟ್ಟುಕೊಳ್ಳಿ. ಸುತ್ತುವ ಪ್ರೊಪೆಲ್ಲರ್ ತೆಳು ಪಾರದರ್ಶಕ ವೃತ್ತವಾಗಿರಲಿ. ಬ್ರಿಟಿಷ್ ಪೈಲಟ್ಟನಿಗೆ ಪ್ಯಾರಾಶೂಟ್ ಬರೆಯಬೇಡಿ, ಅವರಿಗೆ ಕೊಟ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಕೆಲವು ಜರ್ಮನರಿಗೆ ಅದು ಬಂದಿತ್ತು. ಭಾರತೀಯನೆಂದು ರಾಯ್‌ಗೆ ಪೇಟ ಸುತ್ತುವವರೂ ಇದ್ದಾರು. ಪೇಟದ ಮೇಲೆ ದೊಡ್ಡ ಹೆಲ್ಮೆಟ್ ಧರಿಸಿ ಹಾರಿದವರು ಸಾಪ್‌ವಿತ್ ಕ್ಯಾಮೆಲ್‌ನ ಪೈಲಟ್ ಹರದಿತ್ ಸಿಂಗ್ ಮಲಿಕ್, ಅವರ ಚಿತ್ರ ಬೇರೆಯೇ. ಬಣ್ಣ ಒಣಗಿದ ಮೇಲೆ ಕ್ಯಾನ್ವಾಸಿನ ಹಿಂಬದಿಯಲ್ಲಿ ತಾರೀಖು, ಸ್ಥಳ, ವಿಮಾನಗಳ ಹೆಸರುಗಳನ್ನು ಬರೆದು, ಚಿತ್ರದಲ್ಲಿ ಯಾವುದು ದಾಖಲೆಯಿಂದ ಬಂದದ್ದು, ಯಾವುದು ನಿಮ್ಮ ಊಹೆ ಎಂಬುದನ್ನೂ ಪೆನ್ಸಿಲಿನಲ್ಲಿ ಗುರುತಿಸಿಡಿ.